ಆರನೇ ತಿಂಗಳು, ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ. ಮಗುವಿಗೆ ಕ್ಯಾಲ್ಸಿಯಂ ಹೇಗೆ?

ಕಲಬುರಗಿ ಸೊಸೆ

ಅಕ್ಕಂದಿರೇ, ನಾನು ಚೊಚ್ಚಲ ಬಸುರಿ. ತವರು ಸೇಡಂ, ಗಂಡನ ಮನೆ ಕಲಬುರಗಿ. ಒಂದು ವಿಷಯ ಯಾರ ಹತ್ತಿರ ಕೇಳಬೇಕೋ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ.

ದಿನಾ ರಾತ್ರಿ ಊಟ ಆದ ಮೇಲೆ ಅತ್ತೆ ದೊಡ್ಡ ಸ್ಟೀಲ್ ಗ್ಲಾಸಿನಲ್ಲಿ ಎಮ್ಮೆ ಹಾಲು ಕಾಸಿ ತರುತ್ತಾರೆ. ಮೇಲೆ ದಪ್ಪ ಕೆನೆ. ಬಿಸಿ ಗ್ಲಾಸನ್ನು ಸೆರಗಿನಲ್ಲಿ ಹಿಡಿದು ತಂದು, ನಾನು ಪೂರ್ತಿ ಕುಡಿಯುವ ತನಕ ಎದುರಿಗೇ ಕೂರುತ್ತಾರೆ. ಒಂದು ತಾಸು ಆಗುವುದರೊಳಗೆ ಹೊಟ್ಟೆ ಗುಡುಗುಡು ಅನ್ನುತ್ತದೆ. ಹೊಟ್ಟೆ ಉಬ್ಬಿ ಕೂಸು ಒದ್ದದ್ದೂ ಗೊತ್ತಾಗುವುದಿಲ್ಲ. ಆಮೇಲೆ ಎರಡು ಮೂರು ಸಲ ಬಾತ್‌ರೂಮಿಗೆ ಓಡಬೇಕು. ಈ ಬಿಸಿಲಲ್ಲಿ ಬೆಳಿಗ್ಗೆ ಎದ್ದರೆ ಕೈಕಾಲಲ್ಲಿ ಶಕ್ತಿಯೇ ಇರುವುದಿಲ್ಲ.

ಬೇಡ ಅನ್ನಲು ಬಾಯಿ ಬರುವುದಿಲ್ಲ. ಅತ್ತೆ ಬಸುರಿ ಇದ್ದಾಗ ಮನೆಯಲ್ಲಿ ಹಾಲೇ ಇರುತ್ತಿರಲಿಲ್ಲವಂತೆ. ಇದ್ದ ಒಂದು ಎಮ್ಮೆಯ ಹಾಲು ಪೂರ್ತಿ ಡೇರಿಗೆ ಹೋಗುತ್ತಿತ್ತು. "ನನಗಂತೂ ಸಿಗಲಿಲ್ಲ, ನೀನಾದ್ರೂ ಕುಡಿಯವ್ವ" ಅನ್ನುತ್ತಾರೆ. ಆ ಮಾತು ಕೇಳಿದ ಮೇಲೆ ಹೇಗೆ ಬೇಡ ಅನ್ನಲಿ? ಹಾಲು ಬಿಟ್ಟರೆ ಕೂಸಿನ ಎಲುಬು ಗಟ್ಟಿ ಆಗುವುದಿಲ್ಲ ಅನ್ನುವ ಭಯ ನನಗೂ ಇದೆ. ನಾವು ಸಸ್ಯಾಹಾರಿಗಳು, ಮೊಟ್ಟೆ ಕೂಡ ಇಲ್ಲ.

ಸುರಪುರದ ಅಕ್ಕ

ನನಗೂ ಹೀಗೇ ಆಗುತ್ತಿತ್ತು ತಂಗಿ, ಹೆದರಬೇಡ. ಮಜ್ಜಿಗೆ, ಮೊಸರು ತಿಂದರೂ ಹೀಗಾಗುತ್ತದಾ? ಚಹಾ? ಮೈಮೇಲೆ ದದ್ದು, ತುರಿಕೆ ಏನಾದರೂ ಬರುತ್ತದಾ? ಅದನ್ನು ಮೊದಲು ಹೇಳು.

ಕಲಬುರಗಿ ಸೊಸೆ

ದದ್ದು, ತುರಿಕೆ ಇಲ್ಲ ಅಕ್ಕ. ಮಜ್ಜಿಗೆ ಆರಾಮಾಗಿ ಕುಡಿಯುತ್ತೇನೆ. ಚಹಾ ಎರಡು ಸಲ ಆಗುತ್ತದೆ, ಏನೂ ಆಗಲ್ಲ. ಹೋದ ವಾರ ಸಂಬಂಧಿಕರು ಪೇಡಾ ತಂದಿದ್ದರು, ನಾಲ್ಕು ತಿಂದೆ. ಅವತ್ತು ಹಾಲಿಗಿಂತ ಜಾಸ್ತಿ ಆಯಿತು. ಇನ್ನೊಂದು ಮಾತು, ಆ ಹಾಲಿಗೆ ಎರಡು ಚಮಚ ಬಸುರಿಯರ ಪ್ರೋಟೀನ್ ಪೌಡರ್ ಕೂಡ ಹಾಕುತ್ತಾರೆ.

ನಿವೃತ್ತ ಸಿಸ್ಟರ್

ನಾನು ತಾಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ತುಂಬಾ ವರ್ಷ ಕೆಲಸ ಮಾಡಿದವಳು. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದು ಮಗಳೇ.

ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇರುತ್ತದೆ. ಅದನ್ನು ಒಡೆಯಲು ಸಣ್ಣ ಕರುಳಿನಲ್ಲಿ ಲ್ಯಾಕ್ಟೇಸ್ ಅನ್ನುವ ಕಿಣ್ವ ಬೇಕು. ಕೂಸಾಗಿದ್ದಾಗ ಎಲ್ಲರಿಗೂ ಅದು ಸಾಕಷ್ಟು ಇರುತ್ತದೆ. ದೊಡ್ಡವರಾಗುತ್ತಾ ಬಹಳ ಜನಕ್ಕೆ ಕಡಿಮೆ ಆಗುತ್ತದೆ. ಉತ್ತರ ಭಾರತಕ್ಕಿಂತ ನಮ್ಮ ದಕ್ಷಿಣದಲ್ಲಿ ಇಂಥವರು ಜಾಸ್ತಿ. ಒಡೆಯದೆ ಉಳಿದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ಹುಳಿಯುತ್ತದೆ, ಗ್ಯಾಸ್ ಆಗುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಕುಡಿದ ಅರ್ಧ ತಾಸಿನಿಂದ ಎರಡು ತಾಸಿನೊಳಗೆ ಗುಡುಗುಡು, ಉಬ್ಬರ, ಭೇದಿ ಆಗುವುದು ಇದಕ್ಕೇ. ಇದು ರೋಗವಲ್ಲ. ನಿನ್ನ ತಪ್ಪೂ ಅಲ್ಲ. ಕೂಸಿಗೆ ಇದರಿಂದ ನೇರವಾಗಿ ಏನೂ ಆಗುವುದಿಲ್ಲ. ಆದರೆ ದಿನಾ ಭೇದಿಯಾಗಿ ಮೈಯ ನೀರು ಹೋಗುವುದು ಬಸುರಿಯಲ್ಲಿ ಒಳ್ಳೆಯದಲ್ಲ, ಅದರಲ್ಲೂ ನಮ್ಮ ಬೇಸಿಗೆಯಲ್ಲಿ.

ಈಗ ಲೆಕ್ಕ ನೋಡು. 200 ಮಿ.ಲೀ. ಹಾಲಿನಲ್ಲಿ ಹತ್ತಿರ ಹತ್ತಿರ 10 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಈ ತೊಂದರೆ ಇರುವ ಬಹಳ ಜನಕ್ಕೂ ಒಂದು ಸಲಕ್ಕೆ ಸುಮಾರು 12 ಗ್ರಾಂ ತನಕ ತಡೆಯುತ್ತದೆ, ಊಟದ ಜೊತೆ ಆದರೆ ಇನ್ನೂ ಒಳ್ಳೆಯದು. ನಿನ್ನ ಗ್ಲಾಸು ದೊಡ್ಡದು. ಅದರ ಮೇಲೆ ಪೌಡರ್. ಡಬ್ಬಿ ತಿರುಗಿಸಿ ಓದು, ಆ ಪೌಡರಿನಲ್ಲಿ ಬಹಳ ಸಲ ಕೆನೆ ತೆಗೆದ ಹಾಲಿನ ಪುಡಿಯೇ ಮೊದಲು ಇರುತ್ತದೆ. ಅಂದರೆ ಹಾಲಿಗೆ ಹಾಲು ಹಾಕಿ ಕುಡಿಯುತ್ತಿದ್ದೀಯ. ಪೇಡಾ ಕಥೆಯೂ ಅದೇ, ಹಾಲನ್ನು ಬತ್ತಿಸಿದ ಖೋವಾದಲ್ಲಿ ಸಕ್ಕರೆಯೆಲ್ಲ ಗಟ್ಟಿಯಾಗಿ ಕೂತಿರುತ್ತದೆ. ಚಹಾಕ್ಕೆ ಬೀಳುವ ಹಾಲು ಸ್ವಲ್ಪ, ಅದಕ್ಕೇ ತಡೆಯುತ್ತದೆ. ಮೊಸರು ಹೆಪ್ಪಾಗುವಾಗ ಅದರೊಳಗಿನ ಬ್ಯಾಕ್ಟೀರಿಯಾ ಒಂದಷ್ಟು ಲ್ಯಾಕ್ಟೋಸನ್ನು ತಾವೇ ತಿಂದಿರುತ್ತವೆ, ಉಳಿದದ್ದನ್ನು ಹೊಟ್ಟೆಯೊಳಗೂ ಒಡೆಯುತ್ತವೆ. ತುಪ್ಪದಲ್ಲಿ ಇಲ್ಲವೆಂದೇ ಹೇಳಬಹುದು. ಪನೀರಿನಲ್ಲಿ ಹಾಲಿಗಿಂತ ಕಡಿಮೆ, ನೀರಿನ ಜೊತೆ ಸೋರಿ ಹೋಗಿರುತ್ತದೆ.

ಎರಡು ವಾರ ಹಾಲು, ಪೌಡರ್, ಖೋವಾ ಮೂರನ್ನೂ ನಿಲ್ಲಿಸಿ ನೋಡು. ಮೊಸರು ಮಜ್ಜಿಗೆ ಇರಲಿ. ಏನು ತಿಂದೆ, ಯಾವಾಗ ಹೊಟ್ಟೆ ಕೆಟ್ಟಿತು ಅಂತ ತಾಯಿ ಕಾರ್ಡಿನ ಜೊತೆ ಒಂದು ಹಾಳೆಯಲ್ಲಿ ಬರೆದಿಡು. ಕಬ್ಬಿಣದ ಮಾತ್ರೆಯಿಂದಲೂ ಹೊಟ್ಟೆ ತೊಳಸುತ್ತದೆ, ಮಲಬದ್ಧತೆ ಆಗುತ್ತದೆ. ಎಲ್ಲವನ್ನೂ ಹಾಲಿನ ಮೇಲೆ ಹಾಕಬಾರದು. ಆ ಹಾಳೆಯನ್ನು ಡಾಕ್ಟರಿಗೆ ತೋರಿಸು.

ಆದರೆ ಹಾಲು ಕುಡಿದ ಕೂಡಲೇ ತುಟಿ, ಕಣ್ಣು ಊದಿಕೊಂಡರೆ, ಮೈತುಂಬ ದದ್ದು ಬಂದರೆ, ಉಸಿರು ಕಟ್ಟಿದರೆ ಅದು ಬೇರೆಯೇ. ಅದು ಹಾಲಿನ ಪ್ರೋಟೀನಿನ ಅಲರ್ಜಿ. ಅದಕ್ಕೆ ಮಜ್ಜಿಗೆಯೂ ನಡೆಯದು. ಉಸಿರಿಗೆ ತೊಂದರೆಯಾದರೆ 108ಕ್ಕೆ ಫೋನ್ ಮಾಡಬೇಕು, ಮನೆಮದ್ದು ಮಾಡುತ್ತಾ ಕೂರಬಾರದು. ಭೇದಿಯ ಜೊತೆ ಜ್ವರ, ರಕ್ತ ಬಂದರೆ, ಕೂಸಿನ ಓಡಾಟ ಕಡಿಮೆ ಅನಿಸಿದರೆ ಅವತ್ತೇ ಆಸ್ಪತ್ರೆ. ಕೊನೆಯ ತಿಂಗಳುಗಳಲ್ಲಿ ದದ್ದಿಲ್ಲದೆ ಬರೀ ಅಂಗೈ ಅಂಗಾಲು ತುರಿಸಿದರೆ ಅದನ್ನು ಹಾಲಿನ ಅಲರ್ಜಿ ಅಂದುಕೊಳ್ಳಬೇಡ, ಪಿತ್ತಜನಕಾಂಗದ ತೊಂದರೆ ಇರಬಹುದು, ರಕ್ತ ಪರೀಕ್ಷೆ ಆಗಬೇಕು.

ಬೀದರಿನ ಮಗಳು

ಸಿಸ್ಟರ್, ಒಂದು ಪ್ರಶ್ನೆ. ನಮ್ಮ ಅಪ್ಪ ದೇವಣಿ ಆಕಳು ಕಟ್ಟಿದ್ದಾರೆ. ಜವಾರಿ ಆಕಳ ಹಾಲು ಎ2 ಹಾಲು, ಯಾರಿಗೂ ಹೊಟ್ಟೆ ಕೆಡಿಸುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಕರೆದ ತಕ್ಷಣ ಬೆಚ್ಚಗೆ ಕುಡಿದರೆ ಇನ್ನೂ ಒಳ್ಳೆಯದು ಅನ್ನುತ್ತಾರೆ ಅಪ್ಪ. ನಾನು ಮೂರನೇ ತಿಂಗಳ ಬಸುರಿ.

ನಿವೃತ್ತ ಸಿಸ್ಟರ್

ದೇವಣಿ ನಮ್ಮ ಭಾಗದ ಹೆಮ್ಮೆಯ ತಳಿ, ನಿಮ್ಮ ಅಪ್ಪನ ಮಾತಿನ ಹಿಂದಿನ ಪ್ರೀತಿ ಗೊತ್ತಾಗುತ್ತದೆ. ಆದರೆ ಎ2 ಅನ್ನುವುದು ಹಾಲಿನ ಒಂದು ಪ್ರೋಟೀನಿನ ಬಗೆ. ಲ್ಯಾಕ್ಟೋಸ್ ಅದರಲ್ಲೂ ಅಷ್ಟೇ ಇರುತ್ತದೆ. ಎಮ್ಮೆ ಹಾಲಿನಲ್ಲೂ ಅಷ್ಟೇ, ಆಡಿನ ಹಾಲಿನಲ್ಲಿ ಕೂದಲೆಳೆಯಷ್ಟು ಕಡಿಮೆ. ಪ್ರೋಟೀನ್ ಅಲರ್ಜಿ ಇರುವವರಿಗೆ ಆಡಿನ ಹಾಲೂ ಆಗಿಬರುವುದಿಲ್ಲ.

ಕರೆದ ಹಸಿ ಹಾಲು ಮಾತ್ರ ಖಂಡಿತ ಬೇಡಮ್ಮ. ಆಕಳಿಗೆ ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್ ಇದ್ದರೆ ಹಸಿ ಹಾಲಿನಿಂದ ಮನುಷ್ಯರಿಗೂ ಬರುತ್ತದೆ. ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಬೇರೆ ಇದೆ. ಎರಡರಿಂದಲೂ ಗರ್ಭಪಾತ ಆಗಬಹುದು. ಚೆನ್ನಾಗಿ ಉಕ್ಕಿಸಿಯೇ ಕುಡಿ. ಹಸಿ ಹಾಲಿನಿಂದ ಹೆಪ್ಪು ಹಾಕಿದ ಮೊಸರೂ ಬೇಡ.

ಯಾದಗಿರಿ ಟೀಚರ್

ಕ್ಯಾಲ್ಸಿಯಂ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನನಗೆ ಎರಡು ಬಸುರಿಯಲ್ಲೂ ಹಾಲು ಆಗಿಬರಲಿಲ್ಲ. ಮೊದಲನೇ ಸಲ ಸುಮ್ನೆ ಹಾಲು ಬಿಟ್ಟೆ, ಬದಲಿಗೆ ಏನೂ ತಿನ್ನಲಿಲ್ಲ. "ಜೋಳದ ರೊಟ್ಟಿ ತಿನ್ನುತ್ತೇನಲ್ಲ, ಗಟ್ಟಿ ಊಟ" ಅಂದುಕೊಂಡಿದ್ದೆ. ಜೋಳ ಒಳ್ಳೆಯದೇ, ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿ.ಗ್ರಾಂ. ಕೂಡ ಇರುವುದಿಲ್ಲ. ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ. ಇದೆ. ನಮ್ಮ ಕಡೆ ರಾಗಿ ಮಾಡುವ ರೂಢಿಯೇ ಕಡಿಮೆ, ಅದಕ್ಕೇ ಯಾರೂ ನನಗೆ ಹೇಳಲಿಲ್ಲ. ಬಸುರಿಗೆ ದಿನಕ್ಕೆ 1000 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು ಅಂತ ಗೊತ್ತಾಗಿದ್ದು ಎರಡನೇ ಸಲ.

ಆಗ ಹೀಗೆ ಮಾಡಿದೆ. ಸಂಜೆ ಎರಡು ಚಮಚ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ನೀರಿಗೆ ಹಾಕಿ ಹತ್ತು ನಿಮಿಷ ತಿರುವುತ್ತಿದ್ದೆ. ಬಣ್ಣ ಗಾಢವಾಗಿ ಹೊಳಪು ಬಂದರೆ ಬೆಂದಿದೆ ಅಂತ. ರಾತ್ರಿ ಪೂರ್ತಿ ಮಣ್ಣಿನ ಗಡಿಗೆಯಲ್ಲಿ ಇಟ್ಟು, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಜೀರಿಗೆ, ಹೆಚ್ಚಿದ ಉಳ್ಳಾಗಡ್ಡಿ ಹಾಕಿ ಕುಡಿಯುತ್ತಿದ್ದೆ. ನಾವು ಜೋಳದ ಅಂಬಲಿ ಮಾಡುತ್ತೇವಲ್ಲ, ಅದೇ ರೀತಿ, ಹಿಟ್ಟು ಮಾತ್ರ ಬೇರೆ. ಬಿಸಿಲಿಗೂ ತಂಪು. ಕಡು ಬೇಸಿಗೆಯಲ್ಲಿ ಮಾತ್ರ ಜಾಸ್ತಿ ಹುಳಿ ಬಂದದ್ದನ್ನು ಚೆಲ್ಲಿಬಿಡಿ, ಆಸೆ ಮಾಡಬೇಡಿ.

ರೊಟ್ಟಿಯ ಜೊತೆ ಹಿಂಡಿ, ಅಂದರೆ ಚಟ್ನಿಪುಡಿ, ಇದ್ದೇ ಇರುತ್ತದೆ. ಶೇಂಗಾ ಹಿಂಡಿಯ ಬದಲು ಎಳ್ಳಿನ ಹಿಂಡಿ, ಗುರೆಳ್ಳು ಹಿಂಡಿ ಮಾಡಿಕೊಂಡೆ. ಒಂದು ದೊಡ್ಡ ಚಮಚ ಎಳ್ಳಿನಲ್ಲೇ 100 ಮಿ.ಗ್ರಾಂ. ಮೇಲೆ ಕ್ಯಾಲ್ಸಿಯಂ ಸಿಗುತ್ತದೆ. ಹುರಿದು ಕುಟ್ಟಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ, ಇಡೀ ಕಾಳು ಹಾಗೇ ಹೊರಗೆ ಹೋಗುತ್ತದೆ. ಎಳ್ಳು ಉಷ್ಣ, ಬಸುರಿ ತಿನ್ನಬಾರದು ಅಂತ ನಮ್ಮವ್ವನೂ ಹೇಳಿದ್ದಳು. ನನ್ನ ಡಾಕ್ಟರ್ ಊಟದ ಲೆಕ್ಕದಲ್ಲಿ ತಿಂದರೆ ಏನೂ ಆಗಲ್ಲ ಅಂದರು. ಎಳ್ಳು ಅಮಾವಾಸ್ಯೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮನೆಮಂದಿಯೆಲ್ಲ ತಿನ್ನುತ್ತೇವೆ, ಬಸುರಿಯರು ತಿನ್ನುವುದಿಲ್ಲವಾ?

ವಾರಕ್ಕೆ ಮೂರು ಸಲ ನುಗ್ಗೆ ಸೊಪ್ಪು. ಇಲ್ಲಿ ಕಾಯಿ ತಿಂದು ಸೊಪ್ಪು ಬಿಡುತ್ತಾರೆ, ಬೇಜಾರಾಗುತ್ತದೆ ನೋಡಿದರೆ. 100 ಗ್ರಾಂ ಸೊಪ್ಪಿನಲ್ಲಿ 300 ಮಿ.ಗ್ರಾಂ. ಮೇಲೆ ಕ್ಯಾಲ್ಸಿಯಂ ಇದೆ. ಹೆಸರು ಬೇಳೆ ಹಾಕಿ ಪಲ್ಯ ಮಾಡಿದರೆ ಕಹಿ ಗೊತ್ತಾಗುವುದಿಲ್ಲ. ಮೆಂತ್ಯ ಪಲ್ಯವೂ ಒಳ್ಳೆಯದು. ಪಾಲಕ್ ನಂಬಿ ಕೂರಬೇಡಿ, ಅದರಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಅನ್ನು ಮೈಗೆ ಹತ್ತಲು ಬಿಡುವುದಿಲ್ಲ.

ರೋಜಾ ಏರಿಯಾದ ತಾಯಿ

ನನ್ನದು ಸಿಸ್ಟರ್ ಹೇಳಿದ ಎರಡನೇ ರೀತಿ. ನಿಜವಾದ ಅಲರ್ಜಿ. ಚಿಕ್ಕಂದಿನಿಂದ ಹಾಲು ತಾಕಿದರೆ ತುಟಿ ಊದುತ್ತಿತ್ತು. ಬಸುರಿ ಇದ್ದಾಗ ಒಂದು ಆಸ್ಪತ್ರೆಯಲ್ಲಿ ಇದನ್ನು ಹೇಳಿದೆ. ಕೂತಿದ್ದವರು ತಲೆ ಎತ್ತದೆ "ಎಲ್ಲ ಮನಸ್ಸಿನದು, ಮೂಗು ಮುಚ್ಚಿ ಕುಡಿ" ಅಂದರು. ಅವತ್ತು ಮನೆಗೆ ಬಂದು ಅತ್ತುಬಿಟ್ಟೆ. ಕುಡಿಯದೆ ಇದ್ದದ್ದೇ ಒಳ್ಳೆಯದಾಯಿತು. ಬೇರೆ ಡಾಕ್ಟರ್ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಪೆನ್ನಿನಲ್ಲಿ "ಹಾಲಿನ ಅಲರ್ಜಿ" ಅಂತ ಬರೆದರು. ಹೆರಿಗೆಗೆ ಹೋದಾಗ ಅದೇ ಉಪಯೋಗಕ್ಕೆ ಬಂತು, ವಾರ್ಡಿನಲ್ಲಿ ಬ್ರೆಡ್ಡು ಹಾಲು ಕೊಡಲು ಬಂದವರು ಓದಿ ವಾಪಸ್ ಒಯ್ದರು.

ಪ್ಯಾಕೆಟ್ ತಿರುಗಿಸಿ ಓದುವ ಅಭ್ಯಾಸ ಮಾಡಿಕೊಳ್ಳಿ. ಬಿಸ್ಕತ್ತು, ಬ್ರೆಡ್ಡು, ಬನ್ನು ಎಲ್ಲದರಲ್ಲೂ ಹಾಲಿನ ಪುಡಿ ಇರಬಹುದು. ಹಾಲು ಇದ್ದರೆ ಅಲರ್ಜಿ ಸೂಚನೆಯ ಸಾಲಿನಲ್ಲಿ ಬರೆದಿರಬೇಕು ಅಂತ ನಿಯಮವಿದೆ. ಬೇಕರಿಯ ಬಿಡಿ ತಿಂಡಿಗೆ ಆ ಸಾಲು ಇರುವುದಿಲ್ಲ, ಅದಕ್ಕೇ ನಾನು ತಿನ್ನುವುದೇ ಇಲ್ಲ. ನಾವು ಮಾಂಸ ತಿನ್ನುವವರು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು, ಮೊಟ್ಟೆ ಇತ್ತು, ಕಷ್ಟ ಆಗಲಿಲ್ಲ. ಈದ್ ದಿನ ಎಲ್ಲರೂ ಶೀರ್ ಖುರ್ಮಾ ಕುಡಿಯುವಾಗ ಅಮ್ಮಿ ನನಗೆ ಬೇರೆ ಪಾತ್ರೆಯಲ್ಲಿ ಶಾವಿಗೆಯನ್ನು ತೆಂಗಿನ ಹಾಲಿನಲ್ಲಿ ಮಾಡಿ ಕೊಟ್ಟರು, ಖಾರಿಕ ಬಾದಾಮಿ ಹಾಕಿ. ಚಮಚ ಕೂಡ ಬೇರೆ ಇಟ್ಟಿದ್ದರು.

ಆಳಂದದ ಅವ್ವ

ನಾನು ಹಿರಿಯಳು, ತಪ್ಪು ತಿಳಿಯಬೇಡಿ. ಪೂರ್ತಿ ಬಿಡುವುದು ಸರಿ ಅನಿಸುವುದಿಲ್ಲ ನನಗೆ. ನಮ್ಮ ಸೊಸೆಗೂ ಮೊದಲು ಆಗುತ್ತಿರಲಿಲ್ಲ. ಅರ್ಧ ವಾಟಿಯಿಂದ ಶುರು ಮಾಡಿ ದಿನಾ ಸ್ವಲ್ಪ ಸ್ವಲ್ಪ ಕೊಟ್ಟೆ, ಈಗ ಕುಡಿಯುತ್ತಾಳೆ.

ನಿವೃತ್ತ ಸಿಸ್ಟರ್

ನೀವು ಹೇಳುವುದರಲ್ಲಿ ಸತ್ಯ ಇದೆ ಅವ್ವ. ದಿನಾ ಸ್ವಲ್ಪ ಸ್ವಲ್ಪ ಕೊಟ್ಟರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಹೊಂದಿಕೊಳ್ಳುತ್ತವೆ, ತೊಂದರೆ ಕಡಿಮೆ ಆಗುತ್ತದೆ. ಆದರೆ ಭೇದಿ ನಡೆಯುವಾಗ ಅದನ್ನು ಮಾಡಬಾರದು. ಮೊದಲು ಹೊಟ್ಟೆ ಸುಧಾರಿಸಲಿ. ಅಲರ್ಜಿ ಇರುವವರಿಗೆ ಈ ದಾರಿ ಯಾವತ್ತೂ ಬೇಡ.

ಕಲಬುರಗಿ ಸೊಸೆಗೆ ಇನ್ನೊಂದು ಮಾತು. ಮೊಟ್ಟೆ ಮಾಂಸ ತಿನ್ನದವರಿಗೆ ವಿಟಮಿನ್ ಬಿ12 ಸಿಗುವುದು ಹೆಚ್ಚಾಗಿ ಹಾಲು ಮೊಸರಿನಿಂದಲೇ. ಹಾಲು ಬಿಟ್ಟೆ ಅಂತ ಮೊಸರನ್ನೂ ಬಿಟ್ಟರೆ ಕಷ್ಟ. ದಿನಕ್ಕೆ ಎರಡು ವಾಟಿ ಮೊಸರು ಇರಲಿ, ಬಿ12 ಮಾತ್ರೆ ಬೇಕಾ ಅಂತ ಡಾಕ್ಟರನ್ನು ಕೇಳು. ಪ್ರೋಟೀನಿಗೆ ಪೌಡರೇ ಬೇಕಿಲ್ಲ, ನಮ್ಮ ತೊಗರಿ ಇದೆ. 2019ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕ ಬೇಳೆ ಮನೆಯಲ್ಲೇ ಇರುವಾಗ ಗಟ್ಟಿ ಬೇಳೆ ಎರಡು ಹೊತ್ತೂ ಉಣ್ಣು.

ಶಹಾಪುರದ ಗಂಡ

ಹೆಂಡತಿಯ ಪರವಾಗಿ ಕೇಳುತ್ತಿದ್ದೇನೆ. ಅಂಗನವಾಡಿಯಲ್ಲಿ ಮಾತೃಪೂರ್ಣ ಊಟದ ಜೊತೆ 200 ಮಿ.ಲೀ. ಹಾಲು ಕೊಡುತ್ತಾರೆ. ಅವಳಿಗೆ ಆಗುವುದಿಲ್ಲ, ಬೇಡ ಅಂದರೆ ಊಟವನ್ನೂ ನಿಲ್ಲಿಸುತ್ತಾರೇನೋ ಅನ್ನುವ ಭಯ. ಲ್ಯಾಕ್ಟೋಸ್ ಇಲ್ಲದ ಹಾಲು ಸಿಗುತ್ತದಾ? ಕ್ಯಾಲ್ಸಿಯಂ ಮಾತ್ರೆ ಸಾಕಾ?

ನಿವೃತ್ತ ಸಿಸ್ಟರ್

ಊಟ ಬಿಡಬೇಡಿ ಅಣ್ಣ. 2017ರ ಅಕ್ಟೋಬರ್ 2ರಿಂದ ನಡೆಯುತ್ತಿರುವ ಯೋಜನೆ ಅದು, ಬಿಸಿ ಊಟ, ಮೊಟ್ಟೆ, ಚಿಕ್ಕಿ ಎಲ್ಲ ಅವಳ ಹಕ್ಕು. ಹಾಲು ಆಗಿಬರುವುದಿಲ್ಲ ಅಂತ ಕಾರ್ಯಕರ್ತೆಗೆ ನೇರವಾಗಿ ಹೇಳಿ. ಹಾಲನ್ನು ಮನೆಗೆ ಒಯ್ಯಲು ಬಿಟ್ಟರೆ ಹೆಪ್ಪು ಹಾಕಿ ಮರುದಿನ ಮೊಸರು ಮಾಡಿ ಉಣ್ಣಲಿ.

ಲ್ಯಾಕ್ಟೋಸ್ ಒಡೆದ ಹಾಲು ಅಮುಲ್‌ನಲ್ಲಿ ಬರುತ್ತದೆ. ನಿಮ್ಮ ಊರಲ್ಲಿ ಸಿಗದಿದ್ದರೆ ಕಲಬುರಗಿಯ ದೊಡ್ಡ ಅಂಗಡಿಗಳಲ್ಲಿ ಕೇಳಿ. ಸಿಹಿ ಜಾಸ್ತಿ ಅನಿಸುತ್ತದೆ, ಸಕ್ಕರೆ ಹಾಕಿದ್ದಾರೆ ಅಂತಲ್ಲ, ಲ್ಯಾಕ್ಟೋಸ್ ಒಡೆದರೆ ರುಚಿ ಹಾಗೆ ಬರುತ್ತದೆ. ಬಸುರಿಯಲ್ಲಿ ಶುಗರ್ ಬಂದವರು ಇದನ್ನೂ ಹಾಲಿನ ಲೆಕ್ಕದಲ್ಲೇ ಅಳೆದು ಕುಡಿಯಬೇಕು. ಮನೆಯಲ್ಲಿ ಮಾಡಿದ ಬಾದಾಮಿ ಹಾಲು, ತೆಂಗಿನ ಹಾಲು ರುಚಿಗೆ ಸರಿ, ಕ್ಯಾಲ್ಸಿಯಂಗೆ ಅಲ್ಲ.

ಮಾತ್ರೆಯ ವಿಷಯ. ನಾಲ್ಕನೇ ತಿಂಗಳಿಂದ, ಅಂದರೆ 14 ವಾರದಿಂದ, ದಿನಕ್ಕೆ ಎರಡು ಕ್ಯಾಲ್ಸಿಯಂ ಮಾತ್ರೆ ಸರ್ಕಾರದಿಂದಲೇ ಉಚಿತ. ಒಂದರಲ್ಲಿ 500 ಮಿ.ಗ್ರಾಂ. ಕ್ಯಾಲ್ಸಿಯಂ, ಜೊತೆಗೆ ವಿಟಮಿನ್ ಡಿ3. ಹೆರಿಗೆ ಆದ ಮೇಲೂ ಆರು ತಿಂಗಳು. ಊಟದ ಜೊತೆ ನುಂಗಬೇಕು. ಎರಡು ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು. ಬಹಳ ಹೆಣ್ಣುಮಕ್ಕಳು ಮರೆಯಬಾರದು ಅಂತ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಂದೇ ಸಲ ನುಂಗುತ್ತಾರೆ. ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತದೆ, ಅದಕ್ಕೇ ಎರಡು ತಾಸು ಅಂತರ ಇರಲಿ. ಬೆಳಿಗ್ಗೆ ರಾತ್ರಿ ಊಟಕ್ಕೆ ಕ್ಯಾಲ್ಸಿಯಂ, ಮಧ್ಯಾಹ್ನದ ಊಟ ಇಳಿದ ಮೇಲೆ ನಿಂಬೆ ನೀರಿನ ಜೊತೆ ಕಬ್ಬಿಣ. ಅದರ ಹಿಂದೆ ಮುಂದೆ ಚಹಾ ಬೇಡ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ಅವತ್ತು ಕರೆದುಕೊಂಡು ಹೋಗಿ ಇದನ್ನೆಲ್ಲ ಕೇಳಿ.

ಕಲಬುರಗಿ ಸೊಸೆ

ಮೂರು ವಾರ ಆಯಿತು, ಏನಾಯಿತು ಅಂತ ಬರೆಯುತ್ತಿದ್ದೇನೆ. ಹಾಲು, ಪೌಡರ್ ನಿಲ್ಲಿಸಿದ ನಾಲ್ಕನೇ ದಿನಕ್ಕೇ ಭೇದಿ ನಿಂತಿತು. ಈಗ ರಾತ್ರಿ ಮಲಗಿದರೆ ಕೂಸು ಒದೆಯುವುದು ಸ್ಪಷ್ಟವಾಗಿ ಗೊತ್ತಾಗುತ್ತದೆ. 9ನೇ ತಾರೀಖು ತಪಾಸಣೆಗೆ ಹೋಗಿದ್ದೆ. ಹಾಳೆ ನೋಡಿ ಡಾಕ್ಟರ್ ಲ್ಯಾಕ್ಟೋಸ್ ತೊಂದರೆಯೇ ಅಂದರು, ತೂಕ ಒಂದು ಕೆಜಿ ಏರಿದೆ. ಬಿ12 ಕಡಿಮೆ ಬಂದಿದೆ, ಮಾತ್ರೆ ಬರೆದುಕೊಟ್ಟರು.

ಅತ್ತೆಗೆ ಹೇಳಲು ನನಗೆ ಎರಡು ದಿನ ಬೇಕಾಯಿತು. ಅಡುಗೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಯಾದಗಿರಿ ಟೀಚರ್ ಬರೆದದ್ದನ್ನು ಪಕ್ಕದಲ್ಲಿ ಕೂತು ಓದಿ ಹೇಳಿದೆ. ಬಡಿಯುವುದು ನಿಲ್ಲಿಸಿ ಕೇಳಿದರು. "ಇಷ್ಟು ದಿನ ತ್ರಾಸ ತಗೊಂಡು ಯಾಕ ಕುಡಿದಿ?" ಅಂತ ಕಣ್ಣಲ್ಲಿ ನೀರು ತಂದರು. ಮರುದಿನ ಅವರೇ ಎಳ್ಳು ಹುರಿದರು. ಈಗ ಮನೆಯ ಹಾಲು ಪೂರ್ತಿ ಹೆಪ್ಪಿಗೆ ಹೋಗುತ್ತದೆ. ರಾತ್ರಿ ಅದೇ ಗ್ಲಾಸಿನಲ್ಲಿ ಮಜ್ಜಿಗೆ ತರುತ್ತಾರೆ, ಕರಿಬೇವು ಕುಟ್ಟಿ ಹಾಕಿ. ಈಗಲೂ ಎದುರಿಗೇ ಕೂರುತ್ತಾರೆ.

ಮುಂದಿನ ತಿಂಗಳು ಕುಬಸ, ಅಂದರೆ ಸೀಮಂತ. ಬಂದವರೆಲ್ಲ ಪೇಡಾ ತಿನ್ನಿಸುತ್ತಾರೆ ಅಂತ ಅತ್ತೆ ಈಗಲೇ ಎಲ್ಲರಿಗೂ ಫೋನ್ ಮಾಡಿ ಎಳ್ಳುಂಡಿ, ಶೇಂಗಾ ಹೋಳಿಗೆ ತನ್ನಿ ಅನ್ನುತ್ತಿದ್ದಾರೆ. ಒಂದೇ ಪ್ರಶ್ನೆ ಉಳಿದಿದೆ ಸಿಸ್ಟರ್. ಬಾಣಂತನಕ್ಕೆ ತವರಿಗೆ ಹೋದರೆ ಅವ್ವ ಅಳವಿ ಬೀಜದ ಪಾಯಸ ಹಾಲಲ್ಲೇ ಮಾಡುತ್ತಾಳೆ. ನಾನು ಹಾಲು ಕುಡಿಯದಿದ್ದರೆ ಎದೆ ಹಾಲು ಕಡಿಮೆ ಆಗುತ್ತದಾ? ನನ್ನ ಈ ತೊಂದರೆ ಕೂಸಿಗೂ ಬರುತ್ತದಾ?

ನಿವೃತ್ತ ಸಿಸ್ಟರ್

ಬಹಳ ಸಂತೋಷ ಆಯಿತು ಮಗಳೇ. ಎದೆ ಹಾಲು ಬರುವುದು ಕೂಸು ಚೀಪುವುದರಿಂದ, ನೀನು ಕುಡಿಯುವ ಹಾಲಿನಿಂದ ಅಲ್ಲ. ಹೊಟ್ಟೆ ತುಂಬ ಉಂಡು ನೀರು ಕುಡಿದರೆ ಸಾಕು. ಎದೆ ಹಾಲಿನಲ್ಲೂ ಲ್ಯಾಕ್ಟೋಸ್ ಇರುತ್ತದೆ, ನೀನು ಏನೇ ತಿಂದರೂ ಅದು ಇದ್ದೇ ಇರುತ್ತದೆ. ಅದು ಕೂಸಿಗೆ ಬೇಕು, ಕೂಸಿನ ಹೊಟ್ಟೆಯಲ್ಲಿ ಅದನ್ನು ಒಡೆಯುವ ಕಿಣ್ವವೂ ಇರುತ್ತದೆ. ಹುಟ್ಟಿದಾಗಲೇ ಅದು ಇಲ್ಲದ ಕೂಸುಗಳು ತೀರಾ ಅಪರೂಪ. ನಿನಗೆ ಹಾಲು ಆಗುವುದಿಲ್ಲ ಅಂತ ಯಾರಾದರೂ ಕೂಸಿಗೆ ಎದೆ ಹಾಲು ಬಿಡಿಸಲು ಬಂದರೆ ಕೇಳಬೇಡ.

ಅಳವಿಯನ್ನು ನೀರಲ್ಲಿ ನೆನೆಸಿ, ಬೆಲ್ಲದ ನೀರಲ್ಲಿ ಕುದಿಸಿ, ಕೊಬ್ಬರಿ ತುರಿ ಹಾಕಿ, ಇಳಿಸುವಾಗ ಒಂದು ಚಮಚ ತುಪ್ಪ ಬಿಡಲು ಅವ್ವನಿಗೆ ಹೇಳು. ಹೆರಿಗೆ ಆದ ಮೇಲೆ ಮಾತ್ರ, ಈಗ ಬೇಡ.